ಎರಡು ಪೆಡಲಿನ ಹುಡುಗಿ

"ಆಟೋಮ್ಯಾಟಿಕ್ ಅಂದ್ರೆ ಕುಂಟರ ಗಾಡಿ, ಸಿತ್ ವಿಜ್ದಾನ್! ಎರಡು ಕಾಲು ನೆಟ್ಟಗಿರೋರಿಗೆ ಅದ್ಯಾಕೆ?"

'ಸಿತ್', ಅಂದರೆ ಮೇಡಂ, ಎಂದು ಮರ್ಯಾದೆಯಿಂದಲೇ ಕರೆದ ಆ ಗಂಡು ದನಿ ಹೆಡ್‌ಫೋನಿನಿಂದ ನೇರವಾಗಿ ನಿರೂಪಕಿ ವಿಜ್ದಾನ್‌ಳ ಕಿವಿಗೆ ಬಡಿಯಿತು.

ಒಂದು... ಎರಡು... ಮೂರು ಸೆಕೆಂಡ್.

ಇಡೀ ಅಮ್ಮಾನ್ ನಗರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಕೇಳುವ ಬೆಳಗಿನ ಕಾರ್ಯಕ್ರಮದಲ್ಲಿ ಮೂರು ಸೆಕೆಂಡ್ ಮೌನ! ಗಾಜಿನ ಆಚೆ ಕೂತಿದ್ದ ಅಬೂ ಮಜ್ದ್ ಗಾಬರಿಯಿಂದ ಎರಡೂ ಕೈ ಎತ್ತಿದ. ಮೂವತ್ತು ವರ್ಷಗಳಿಂದ ಅದೇ ರೇಡಿಯೋದ ಧ್ವನಿ ನೋಡಿಕೊಳ್ಳುತ್ತಿದ್ದ ಮುದುಕ. 'ಮಾತಾಡು ತಾಯಿ!' ಎನ್ನುತ್ತಿದ್ದವು ಅವನ ಕೈಗಳು.

ವಿಜ್ದಾನ್ ಮೇಜಿನ ಕೆಳಗೆ ತನ್ನ ಎಡಗಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ಯಾರೂ ನೋಡುತ್ತಿರಲಿಲ್ಲ. ಆದರೂ ಎಳೆದುಕೊಂಡಳು.

"ನಿಮ್ಮ ಹೆಸರು?" ಎಂದಳು. ದನಿ ನಡುಗಲಿಲ್ಲ. ನಡುಗದ ದನಿಯೇ ಅವಳ ಅನ್ನ.

"ಸುಹೈಬ್. ಬಯಾದಿರ್‌ನಲ್ಲಿ ಗೇರ್ ಬಾಕ್ಸ್ ರಿಪೇರಿ ಮಾಡ್ತೀನಿ."

"ಮುಅಲ್ಲಿಂ ಸುಹೈಬ್," ಎಂದಳು, ಮೇಸ್ತ್ರಿಗಳನ್ನು ಗೌರವದಿಂದ ಕರೆಯುವ ಹಾಗೆ. "ಇವತ್ತಿನ ಪ್ರಶ್ನೆ ಏನು? ಗೇರ್ ಗಾಡೀಲಿ ಮಜಾನೋ ಆಟೋಮ್ಯಾಟಿಕ್‌ನಲ್ಲಿ ಮಜಾನೋ ಅಂತ. ಕಾಲಿನ ಲೆಕ್ಕ ನಾನು ಕೇಳಿಲ್ಲ. ರೊಟ್ಟಿ ರುಚಿಯಾಗಿರ್ಬೇಕು ಅಂದ್ರೆ ತಿನ್ನೋನೇ ಹಿಟ್ಟು ನಾದ್ಬೇಕಾ?"

ಆ ಕಡೆಯಿಂದ ನಗು. "ನಾದಿದೋನಿಗೆ ಒಂದು ಕೈ ಹೆಚ್ಚೇ ರುಚಿ, ಸಿತ್!"

"ಹಸಿದೋನಿಗೆ ಅದಕ್ಕಿಂತ ಹೆಚ್ಚು ರುಚಿ. ಏಳನೇ ಸರ್ಕಲ್‌ನಲ್ಲಿ ಒಂದು ಗಂಟೆ ಕ್ಲಚ್ ತುಳಿದು ತುಳಿದು ಬಂದೋನನ್ನ ಕೇಳಿ, ಮಜಾ ಅಂದ್ರೇನು ಅಂತ ಹೇಳ್ತಾನೆ!"

ಅವನು ಇನ್ನೂ ಜೋರಾಗಿ ನಕ್ಕ. ಆ ನಗು ಚೆನ್ನಾಗಿತ್ತು. ಅದೇ ಅವಳಿಗೆ ಸಿಟ್ಟು ತರಿಸಿತು.

*

ವಿಜ್ದಾನ್‌ಗೆ ಇಪ್ಪತ್ತೊಂಬತ್ತು. ಎಂಟು ವರ್ಷದವಳಿದ್ದಾಗ ಜೋಫೆ ಗುಡ್ಡದ ಕಲ್ಲಿನ ಮೆಟ್ಟಿಲ ಮೇಲಿಂದ ಉರುಳಿದ್ದಳು. ಮೂಳೆ ಕೂಡಿತು. ಆದರೆ ಪಾದಕ್ಕೆ ಹೋಗುವ ನರ ಕೂಡಲಿಲ್ಲ. ಅಂದಿನಿಂದ ಎಡ ಪಾದ ತಾನಾಗಿ ಮೇಲೇಳದು. ಬೂಟಿನೊಳಗೆ ಒಂದು ಪಟ್ಟಿ. ನಡೆದರೆ ಸಣ್ಣಗೆ ಎಳೆಯುತ್ತದೆ.

ಕೇಳುಗರಿಗೆ ಅದು ಗೊತ್ತಿರಲಿಲ್ಲ. ರೇಡಿಯೋದಲ್ಲಿ ಯಾರಿಗೂ ಕಾಲಿರುವುದಿಲ್ಲವಲ್ಲ!

ಲೈಸೆನ್ಸ್ ಸಿಕ್ಕಿದ ದಿನ ಅವಳು ಗಾಡಿಯೊಳಗೆ ಕೂತು ಅತ್ತಿದ್ದಳು. ಆಟೋಮ್ಯಾಟಿಕ್ ಮಾತ್ರ ಓಡಿಸಬಹುದಾದ ಲೈಸೆನ್ಸ್. ಎರಡೇ ಪೆಡಲು, ಎರಡಕ್ಕೂ ಬಲಗಾಲೇ ಸಾಕು. ಬದುಕಿನಲ್ಲಿ ಮೊದಲ ಸಲ ಅವಳು ಎಲ್ಲರಷ್ಟೇ ಬೇಗ ಹೋಗಬಲ್ಲವಳಾಗಿದ್ದಳು. ಆ ಬೂದು ಬಣ್ಣದ ಪುಟ್ಟ ಕಾರು ಅವಳಿಗೆ ಬರೀ ಕಾರಲ್ಲ, ದೇವರು ತಡವಾಗಿ ಕೊಟ್ಟ ಕಾಲು.

ಅದನ್ನೇ ಅವನು 'ಕುಂಟರ ಗಾಡಿ' ಎಂದಿದ್ದ!

'ಇನ್ನೊಂದು ಸಲ ಫೋನ್ ಮಾಡಲಿ, ಅವನಿಗೆ ಬುದ್ಧಿ ಕಲಿಸ್ತೀನಿ' ಎಂದುಕೊಂಡಳು.

ಅವನು ಮರುದಿನವೇ ಫೋನ್ ಮಾಡಿದ. ಆಮೇಲೆ ಅದರ ಮರುದಿನವೂ.

"ಗೇರ್ ಅಂದ್ರೆ ಮಾತುಕತೆ, ಸಿತ್. ಗಾಡಿ ಏನೋ ಕೇಳುತ್ತೆ, ನಾವು ಉತ್ತರ ಕೊಡ್ತೀವಿ. ಆಟೋಮ್ಯಾಟಿಕ್ ಗಾಡಿ ಒಬ್ಬಂಟಿಯಾಗಿ ತನ್ನಷ್ಟಕ್ಕೆ ತಾನೇ ಗೊಣಗ್ಕೊಂಡಿರುತ್ತೆ."

"ಗಾಡಿ ಜೊತೆ ಮಾತಾಡೋ ಅಷ್ಟು ಒಂಟಿತನವಾ ನಿಮಗೆ, ಮುಅಲ್ಲಿಂ?"

"ನನ್ನ ಗಾಡಿಗೆ ಹಜ್ಜಾ ಅಂತ ಹೆಸರಿಟ್ಟಿದೀನಿ. ಮುದುಕಿ. ಬೆಳಿಗ್ಗೆ ಎದ್ದ ಕೂಡ್ಲೆ ಎರಡನೇ ಗೇರ್ ಕೊಡಲ್ಲ, ಸ್ವಲ್ಪ ಬೇಡ್ಕೋಬೇಕು. ಬೇರೆ ಯಾರು ಓಡಿಸಿದ್ರೂ ಮುನಿಸ್ಕೋತಾಳೆ."

ಹೆಸರಿಲ್ಲದ ಒಂದು ಉರಿ ವಿಜ್ದಾನ್‌ಳ ಎದೆಯಲ್ಲಿ ಹಾದುಹೋಯಿತು. 'ಛೆ! ಮುದಿ ಕಾರಿನ ಮೇಲೆ ಹೊಟ್ಟೆಕಿಚ್ಚಾ?' ಎಂದು ತನ್ನನ್ನೇ ಗದರಿಕೊಂಡಳು.

ಎರಡು ತಿಂಗಳಲ್ಲಿ ಅಮ್ಮಾನಿನ ಟ್ಯಾಕ್ಸಿಯವರೆಲ್ಲ ಎರಡು ಪಕ್ಷವಾಗಿ ಒಡೆದುಹೋದರು. ಅವನು ಫೋನ್ ಮಾಡದ ದಿನ ರಾತ್ರಿ ಊಟಕ್ಕೆ ಕೂತಾಗ ಅಮ್ಮನೂ ಕೇಳುತ್ತಿದ್ದಳು: "ಯಮ್ಮಾ, ಆ ಗೇರ್ ಹುಡುಗನಿಗೆ ಇವತ್ತು ಹುಷಾರಿರ್ಲಿಲ್ವಾ?"

"ನನಗೇನು ಗೊತ್ತು!" ಎಂದು ವಿಜ್ದಾನ್ ತಟ್ಟೆ ನೋಡುತ್ತಿದ್ದಳು. ಆದರೆ ಗೊತ್ತಿತ್ತು. ಕಾರ್ಯಕ್ರಮ ಮುಗಿಯುವವರೆಗೂ ಆ ಫೋನಿನ ದೀಪವನ್ನೇ ನೋಡುತ್ತಿದ್ದವಳು ಅವಳೇ.

ಆ ಒಂದು ಮಾತಿನ ಗಾಯ ಮಾತ್ರ ಒಳಗೆ ಹಾಗೇ ಇತ್ತು. ಅವನ ದನಿಗಾಗಿ ಕಾಯುವುದು... ಆ ದನಿಯೇ ಆಡಿದ ಮಾತಿಗೆ ನೋಯುವುದು. ಎರಡೂ ಒಟ್ಟಿಗೇ!

*

ಆಮೇಲೆ ಒಂದು ದಿನ ಅವನು ಲಮೀಸಳ ಹೆಸರು ಹೇಳಿದ.

"ಸಿತ್ ವಿಜ್ದಾನ್, ಹೆಂಗಸ್ರಿಗೆ ಗೇರ್ ಯಾಕೆ ಅಂದ್ರಲ್ಲ ಮೊನ್ನೆ? ನನ್ನ ಹತ್ರ ಲಮೀಸ್ ಅಂತ ಒಬ್ಳು ಕಲೀತಿದಾಳೆ. ರುಮ್ಮಾನ್ ಗುಡ್ಡದ ರೇಸಿಗೆ ಇಳೀಬೇಕಂತೆ. ಕಲಿಯೋಕೆ ಶುರು ಮಾಡಿ ಎರಡೇ ವಾರ! ಕಡಿದಾದ ಏರಲ್ಲಿ ಒಂದು ಗೇಣೂ ಹಿಂದಕ್ಕೆ ಜಾರದೆ ಗಾಡಿ ಎತ್ತಿದ್ಳು. ಆ ಕಾಲಲ್ಲಿ ಏನು ಹದ ಅಂತೀರಿ!"

'ಆ ಕಾಲಲ್ಲಿ.'

"ಜಾಹೀರಾತು ತಗೊಂಡು ಬರೋಣ," ಎಂದಳು ವಿಜ್ದಾನ್. ಜಾಹೀರಾತಿಗೆ ಇನ್ನೂ ಆರು ನಿಮಿಷವಿತ್ತು.

ಅಂದು ಮಧ್ಯಾಹ್ನ ಅವಳ ಕಾರು ತಾನಾಗಿಯೇ ಬಯಾದಿರ್ ಕಡೆ ತಿರುಗಿತು. ಹಾಗೆಂದು ಅವಳು ತನಗೆ ಹೇಳಿಕೊಂಡಳು.

ಗ್ಯಾರೇಜುಗಳ ಸಾಲು. ನೀಲಿ ಬಾಗಿಲಿನ ಮೇಲೆ ಅವನ ಹೆಸರು. ಎದುರು ಬದಿಯಲ್ಲಿ ಕಾರು ನಿಲ್ಲಿಸಿ, ಕಪ್ಪು ಕನ್ನಡಕ ಏರಿಸಿ ನೋಡಿದಳು. ಅಂಗಳದಲ್ಲಿ ಹಳೆಯ ಬಿಳಿ ಕಾರೊಂದು ಬಾಗಿಲು ತೆರೆದು ನಿಂತಿತ್ತು. ಸ್ಟೀರಿಂಗ್ ಮುಂದೆ ಒಬ್ಬ ಹುಡುಗಿ, ಪಕ್ಕದ ಸೀಟಿನಲ್ಲಿ ಅವನು. ಗಡ್ಡ, ಎಣ್ಣೆ ಹತ್ತಿದ ತೋಳು, ಅದೇ ನಗು. ಗೇರಿನ ಮೇಲೆ ಅವಳ ಕೈ. ಅವಳ ಕೈ ಮೇಲೆ ಅವನ ಕೈ!

ಆ ಹುಡುಗಿಯ ಮುಖ ಚೆಂದವಿತ್ತೋ ಇಲ್ಲವೋ ವಿಜ್ದಾನ್ ನೋಡಲಿಲ್ಲ. ಅವಳು ನೋಡಿದ್ದು ಆ ಹುಡುಗಿಯ ಎಡಗಾಲನ್ನು. ಬಿಳಿ ಕ್ಯಾನ್ವಾಸ್ ಬೂಟಿನ ಆ ಪಾದ ಕ್ಲಚ್ಚನ್ನು ಒತ್ತುತ್ತಿತ್ತು, ಏಳುತ್ತಿತ್ತು. ಒತ್ತುತ್ತಿತ್ತು, ಏಳುತ್ತಿತ್ತು. ಅದೊಂದು ದೊಡ್ಡ ಕೆಲಸವೇ ಅಲ್ಲ ಎಂಬಂತೆ!

'ಅವಳ ಬಣ್ಣ ಬೇಡ, ಕೂದಲು ಬೇಡ... ದೇವರೇ, ಆ ಒಂದು ಪಾದ!'

ಕಣ್ಣು ಮಂಜಾಯಿತು. ಗಾಡಿ ತಿರುಗಿಸಿಕೊಂಡು ಬಂದುಬಿಟ್ಟಳು.

ಮರುದಿನ ಏಳು ಗಂಟೆಗೆ ಅಮ್ಮಾನ್ ನಗರ ಕೇಳಿದ್ದು ಇದು: "ಶುಭೋದಯ! ಇವತ್ತಿನ ವಿಷಯ: ಗೇರ್ ಕಲಿಸೋ ನೆಪದಲ್ಲಿ ಕೈ ಹಿಡಿಯೋ ಮೇಷ್ಟ್ರುಗಳು!"

ಅಬೂ ಮಜ್ದ್ ತನ್ನ ಚಹಾವನ್ನು ಅಂಗಿಯ ಮೇಲೆ ಚೆಲ್ಲಿಕೊಂಡ.

ಏಳೂ ಐದಕ್ಕೆ ಫೋನಿನ ದೀಪ ಉರಿಯಿತು. "ಸಿತ್... ಮೊದಲನೇ ಸಲ ಗೇರ್ ಹಿಡಿದೋರಿಗೆ ಮೂರು ಎಲ್ಲಿ ಐದು ಎಲ್ಲಿ ಅಂತ ಕೈಗೆ ಗೊತ್ತಿರಲ್ಲ. ತೋರಿಸ್ಬೇಕಾಗುತ್ತೆ."

"ಬಾಯಿ ಇಲ್ವಾ ನಿಮಗೆ? ಫೋನಲ್ಲಿ ಧಾರಾಳವಾಗೇ ಇದೆಯಲ್ಲ!"

"...ಇವತ್ತು ನಿಮಗೆ ಯಾರ ಮೇಲೋ ಕೋಪ."

"ನಾನ್ಯಾಕೆ ಕೋಪ ಮಾಡ್ಕೊಳ್ಳಲಿ? ಮುಂದಿನ ಕರೆ!"

*

ಹೋಗಬಾರದು, ಹೋಗಬಾರದು ಎಂದುಕೊಂಡೇ ಅವಳು ಮುಂದಿನ ವಾರ ಮತ್ತೆ ಹೋದಳು. ಈ ಸಲ ಎದುರು ಬದಿಯಲ್ಲಿ ಜಾಗವಿರಲಿಲ್ಲ. ನೀಲಿ ಬಾಗಿಲಿನ ಪಕ್ಕದಲ್ಲೇ ನಿಲ್ಲಿಸಬೇಕಾಯಿತು. ಅವನು ಕೈ ಒರೆಸಿಕೊಳ್ಳುತ್ತ ನೇರವಾಗಿ ಅವಳ ಕಿಟಕಿಯ ಹತ್ತಿರವೇ ಬಂದ!

"ಅಕ್ಕಾ, ಇಲ್ಲಿ ಲಾರಿ ಬರುತ್ತೆ, ಸ್ವಲ್ಪ ಮುಂದೆ ತಗೋತೀರಾ?"

ಅವಳು ತುಟಿ ಬಿಗಿಹಿಡಿದು ತಲೆಯಾಡಿಸಿದಳು. ಬಾಯಿ ಬಿಟ್ಟರೆ ಮುಗಿಯಿತು!

ಗಾಡಿ ಎರಡಡಿ ಮುಂದೆ ಹೋಯಿತು. ಅವನು ಅದರ ಸದ್ದಿಗೆ ಕಿವಿಗೊಟ್ಟ. "ನಿಮ್ಮ ಗೇರ್ ಬಾಕ್ಸಿಗೆ ಎಣ್ಣೆ ಕಡಿಮೆ ಆಗಿದೆ. ಹಾಗೇ ಬಿಡ್ಬೇಡಿ, ಒಳ್ಳೆ ಗಾಡಿ ಹಾಳಾಗುತ್ತೆ."

"ಆಯ್ತು," ಎಂದುಬಿಟ್ಟಳು.

ಒಂದೇ ಮಾತು.

ಅವನ ಕೈಯಲ್ಲಿದ್ದ ಬಟ್ಟೆ ಅಲ್ಲೇ ನಿಂತಿತು. "...ವಿಜ್ದಾನ್?"

'ಸಿತ್' ಎನ್ನುವುದನ್ನೇ ಮರೆತಿದ್ದ ಅವನು. ಎಣ್ಣೆ ಮೆತ್ತಿದ ಆ ಮುಖದಲ್ಲಿ ಸಂತೋಷ ಮೂಡಿತು.

"ಹಾಗಾದ್ರೆ... ಆವತ್ತು ಎದುರುಗಡೆ ನಿಂತಿದ್ದ ಬೂದು ಗಾಡಿ ನಿಮ್ದೇನಾ? ಮರುದಿನ ಆ ಕೈ ಹಿಡಿಯೋ ವಿಷಯ... ಓಹೋ!"

"ಏನು ಓಹೋ? ನಾನು ಈ ಕಡೆ ಟೊಮೆಟೊ ತಗೊಳ್ಳೋಕೆ ಬಂದಿದ್ದೆ!"

"ಗ್ಯಾರೇಜ್ ಬೀದೀಲಿ ಟೊಮೆಟೊ?"

ಇಬ್ಬರೂ ನಕ್ಕರು.

"ಇಳೀರಿ, ಚಹಾ ಕುಡಿಯೋಣ."

ನಗು ಅವಳ ಮುಖದಿಂದ ಇಳಿಯಿತು. ಇಳಿದರೆ ನಡೆಯಬೇಕು. ನಡೆದರೆ ಅವನು ನೋಡುತ್ತಾನೆ. "ಬೇಡ, ಇಲ್ಲೇ ಕುಡೀತೀನಿ."

ಅವನು ಸೇಜ್ ಎಂಬ ಘಮದ ಎಲೆ ಹಾಕಿದ ಚಹಾವನ್ನು ಕಿಟಕಿಗೇ ತಂದುಕೊಟ್ಟ. ಮುಂದಿನ ವಾರವೂ, ಅದರ ಮುಂದಿನ ವಾರವೂ. ಅವನು ಹೊರಗೆ ನಿಂತು, ಅವಳು ಒಳಗೆ ಕೂತು. ಪ್ರತಿ ಸಲವೂ ಅವನು "ಇಳೀರಿ" ಎನ್ನುತ್ತಿದ್ದ. ಪ್ರತಿ ಸಲವೂ ಅವಳು "ಬೇಡ" ಎನ್ನುತ್ತಿದ್ದಳು. ಪ್ರತಿ ಸಲವೂ ಅವನ ಕಣ್ಣಲ್ಲಿ ಏನೋ ಒಂದು ಸ್ವಲ್ಪ ಕುಗ್ಗುತ್ತಿತ್ತು.

ಅದೇನೆಂದು ಒಂದು ದಿನ ಲಮೀಸಳ ಬಾಯಿಂದ ಹೊರಬಿತ್ತು. ಕಾರಿನ ಹಿಂದೆ ನಿಂತು ಸುಹೈಬನಿಗೆ ಹೇಳುತ್ತಿದ್ದಳು, ಕಿಟಕಿ ತೆರೆದಿರುವುದು ಗೊತ್ತಿಲ್ಲದೆ.

"ನಿಮ್ಮ ರಾಣಿಯವರು ಇವತ್ತೂ ಸಿಂಹಾಸನದಿಂದ ಇಳೀಲಿಲ್ವಾ? ನಮ್ಮ ಎಣ್ಣೆ ನೆಲ ಅವರ ಬೂಟಿಗೆ ಹತ್ತಿಬಿಡುತ್ತೇನೋ!"

"ಸುಮ್ನಿರು ಲಮೀಸ್."

"ಸುಳ್ಳಾ?"

ಸುಹೈಬ್ ಸುಳ್ಳು ಎನ್ನಲಿಲ್ಲ. "ರೇಡಿಯೋದವರು. ನಮ್ಮಂಥ ಕಡೆ ಬರೋದೇ ದೊಡ್ಡದು," ಎಂದ ಮೆಲ್ಲಗೆ.

ವಿಜ್ದಾನ್ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದಳು. 'ಜಂಬ ಅಂದ್ಕೊಂಡಿದಾನೆ! ಅಂದುಕೊಳ್ಳಲಿ. ಜಂಬದವಳು ಅಂದುಕೊಂಡರೂ ಪರವಾಗಿಲ್ಲ, ಕುಂಟಿ ಅನ್ನೋದು ಬೇಡ.'

ಲಮೀಸ್ ಸಿಳ್ಳೆ ಹಾಕುತ್ತ ಅಂಗಳದ ತುಂಬ ಓಡಾಡಿಕೊಂಡಿದ್ದಳು. ಟೈರಿನ ರಾಶಿಯ ಮೇಲೆ ಕುಪ್ಪಳಿಸಿ ಕೂತಳು. ಅವನು ಎಸೆದ ಪಾನಾ ಹಿಡಿದಳು. ಅವನ ಲೋಟದಿಂದಲೇ ಚಹಾ ಕುಡಿದಳು!

ಅಂದು ವಿಜ್ದಾನ್‌ಗೆ ಚಹಾ ಕಹಿಯಾಯಿತು.

*

"ಶುಕ್ರವಾರ ರುಮ್ಮಾನ್‌ನಲ್ಲಿ ರೇಸ್ ಇದೆ. ಲಮೀಸ್ ಓಡಿಸ್ತಾಳೆ. ಬರ್ತೀರಾ?" ಎಂದು ಕೇಳಿದ್ದ. "ನೀವು ಬಂದ್ರೆ... ನನಗೆ ಖುಷಿ."

ಹೋದಳು. ಗುಡ್ಡದ ತಿರುವೊಂದರ ಪಕ್ಕ, ಜನರಿಂದ ದೂರ, ಮಣ್ಣಿನ ಅಂಚಿನಲ್ಲಿ ಕಾರು ನಿಲ್ಲಿಸಿ ಕೂತಳು.

ಹಜ್ಜಾ ಬಂದಳು! ಆ ಮುದಿ ಬಿಳಿ ಕಾರು ಕೂಗಿಕೊಂಡು ತಿರುವಿಗೆ ನುಗ್ಗಿತು. ಒಂದು ಕ್ಷಣ ಸದ್ದು ಕಡಿಯಿತು, ಗೇರ್ ಬಿತ್ತು, ಮತ್ತೆ ಎತ್ತರದ ದನಿಯಲ್ಲಿ ಗರ್ಜಿಸಿತು. ವಿಜ್ದಾನ್‌ಳ ಮೈ ಜುಮ್ಮೆಂದಿತು. 'ಮಾತುಕತೆ' ಎಂದಿದ್ದನಲ್ಲ... ನಿಜ. ಕೇಳಿದರೆ ಗೊತ್ತಾಗುತ್ತಿತ್ತು. ಅವಳಿಗೆ ಅದು ಎಷ್ಟು ಚೆನ್ನಾಗಿ ಕೇಳಿತೆಂದರೆ, ಅಳು ಬಂತು.

'ಬೇರೆ ಯಾರು ಓಡಿಸಿದರೂ ಮುನಿಸಿಕೊಳ್ಳುವ ಮುದುಕಿ, ಅವಳ ಕೈಗೆ ಒಲಿದಿದ್ದಾಳೆ!'

ಲಮೀಸ್ ಮೂರನೆಯವಳಾಗಿ ಬಂದಳು. ಕಾರಿನಿಂದ ಹಾರಿ, ಓಡಿ, ಸುಹೈಬನ ಎರಡೂ ಕೈ ಹಿಡಿದು ಕುಣಿದಳು. ಅವನೂ ನಗುತ್ತಿದ್ದ.

ಸಾಕು. ಇನ್ನು ನೋಡಲಾಗದು. ವಿಜ್ದಾನ್ ಗಾಡಿಯನ್ನು ರಭಸದಿಂದ ಹಿಂದಕ್ಕೆ ತೆಗೆದಳು. ಹಿಂದಿನ ಚಕ್ರ ಸಡಿಲ ಮಣ್ಣಿಗೆ ಇಳಿಯಿತು. ಆಕ್ಸಿಲರೇಟರ್ ಒತ್ತಿದಷ್ಟೂ ಹೂತುಕೊಂಡಿತು. ಜನ ತಿರುಗಿ ನೋಡಿದರು. ನಾಲ್ಕು ಜನ ಓಡಿಬಂದರು. ಅವರಲ್ಲಿ ಸುಹೈಬನೂ ಇದ್ದ, ಲಮೀಸಳೂ ಇದ್ದಳು.

"ಸಿತ್, ಇಳೀಬೇಕು. ಗಾಡಿ ವಾಲ್ತಿದೆ, ತಳ್ಳೋವಾಗ ಒಳಗಿರ್ಬಾರ್ದು!" ಎಂದು ಯಾರೋ ಕೂಗಿದರು.

ಬೇರೆ ದಾರಿಯೇ ಇರಲಿಲ್ಲ. ಅವಳು ಬಾಗಿಲು ತೆರೆದಳು. ಎಡಗಾಲನ್ನು ಕೈಯಿಂದ ಹೊರಗೆ ಎತ್ತಿಟ್ಟಳು. ಎಡಗಾಲನ್ನು ಕೈಯಿಂದ ಹೊರಗೆ ಎತ್ತಿಟ್ಟಳು. ಎರಡು ಹೆಜ್ಜೆ. ಪಾದ ಮಣ್ಣಿನಲ್ಲಿ ಎಳೆದುಕೊಂಡು ಹೋಯಿತು. ಮೂರನೆಯ ಹೆಜ್ಜೆಗೆ ಮುಗ್ಗರಿಸಿದಳು.

ಬೀಳದಂತೆ ಹಿಡಿದವಳು ಲಮೀಸ್!

ತಲೆ ಎತ್ತಿದಾಗ ಸುಹೈಬ್ ಎದುರಿಗೇ ನಿಂತಿದ್ದ. ಅವನು ಅವಳ ಕಾಲನ್ನು ನೋಡಿದ. ಕಾರನ್ನು ನೋಡಿದ. ಆಮೇಲೆ ಅವಳ ಮುಖ. ಅವನ ಮುಖದ ರಕ್ತವೆಲ್ಲ ಇಳಿದುಹೋಗಿತ್ತು.

'ಕನಿಕರ!' ಅಂದುಕೊಂಡಳು ವಿಜ್ದಾನ್. 'ನೋಡಲೇಬಾರದು ಅಂದುಕೊಂಡಿದ್ದ ಮುಖ ಇದೇ!'

"ಇಳಿ ಇಳಿ ಅಂತಿದ್ರಲ್ಲ, ಮುಅಲ್ಲಿಂ. ಇಳಿದಿದೀನಿ. ನೋಡ್ಕೊಳ್ಳಿ," ಎಂದಳು.

ಗಾಡಿ ಮೇಲೆ ಬಂದ ಕೂಡಲೆ ಹತ್ತಿ ಹೊರಟುಹೋದಳು. ಕನ್ನಡಿಯಲ್ಲಿ ಅವನು ನಿಂತಲ್ಲೇ ನಿಂತಿದ್ದ, ಮೊಣಕೈವರೆಗೆ ಮಣ್ಣು ಮೆತ್ತಿಕೊಂಡು.

*

ಒಂಬತ್ತು ದಿನ ಅವನ ಫೋನ್ ಬರಲಿಲ್ಲ.

ಟ್ಯಾಕ್ಸಿಯವರು ಕೇಳಿದರು, ಶಿಕ್ಷಕಿಯರು ಕೇಳಿದರು, ಯಾರೋ ಅಜ್ಜಿ ಸಾಲ್ಟ್ ಊರಿನಿಂದ ಫೋನ್ ಮಾಡಿ ಕೇಳಿದಳು: "ನಮ್ಮ ಗೇರ್ ಹುಡುಗ ಎಲ್ಲಿ?"

"ಅವರಿಗೆ ಕೆಲಸ ಜಾಸ್ತಿ," ಎನ್ನುತ್ತಿದ್ದಳು ವಿಜ್ದಾನ್. ಮನಸ್ಸಿನೊಳಗೆ: 'ಆ ಲಮೀಸಳ ಜೊತೆ ಇರ್ತಾನೆ. ಇರಲಿ. ನೆಟ್ಟಗಿರೋ ನಾಲ್ಕು ಕಾಲು!'

ಹತ್ತನೆಯ ದಿನ ಬೆಳಿಗ್ಗೆ ಆರೂವರೆಗೆ ರೇಡಿಯೋ ಕಚೇರಿಯ ಬಾಗಿಲಲ್ಲಿ ಲಮೀಸ್ ನಿಂತಿದ್ದಳು. ಕಣ್ಣು ಕೆಂಪಗಿತ್ತು.

"ನಾನು ಜಗಳ ಆಡೋಕೆ ಬಂದಿದೀನಿ," ಎಂದಳು.

"ಆಡಿ."

"ಮೊನ್ನೆ ನಾನೇ ಬಾಯಿಬಿಟ್ಟು ಕೇಳ್ದೆ ಅವನನ್ನ, ನನ್ನ ಮದುವೆ ಆಗ್ತೀಯಾ ಅಂತ."

ವಿಜ್ದಾನ್ ಕೇಳಿಯೇಬಿಟ್ಟಳು. "...ಏನಂದ್ರು?"

"ಕ್ಷಮಿಸು ಅಂದ. ಆಮೇಲೆ ಅರ್ಧ ಗಂಟೆ ನಿಮ್ಮ ಬಗ್ಗೆ ಮಾತಾಡ್ದ. ನನಗೆ ಅಳೋಕೂ ಬಿಡುವು ಕೊಡ್ಲಿಲ್ಲ, ಆ ಕತ್ತೆ!" ಲಮೀಸ್ ಮೂಗು ಒರೆಸಿಕೊಂಡಳು. "ಆ ಗ್ಯಾರೇಜಲ್ಲಿ ಏಳರಿಂದ ಒಂಬತ್ತರ ತನಕ ಯಾರೂ ಸುತ್ತಿಗೆ ಎತ್ತೋ ಹಾಗಿಲ್ಲ, ಗೊತ್ತಾ? ನಿಮ್ಮ ದನಿ ಕೇಳ್ಬೇಕು ಅವನಿಗೆ. ನಾನು ಗುಡ್ಡ ಹತ್ತಿ ತೋರಿಸ್ತಿದ್ದೆ, ಅವನು 'ಇದನ್ನ ನಾಳೆ ವಿಜ್ದಾನ್‌ಗೆ ಹೇಳ್ಬೇಕು' ಅಂತಿದ್ದ. ಎಷ್ಟು ಹೊಟ್ಟೆ ಉರೀತಿತ್ತು ನನಗೆ... ಗಾಡಿಯಿಂದ ಕೆಳಗೇ ಇಳಿಯದ ಒಬ್ಬ ಹೆಂಗಸಿನ ಮೇಲೆ!"

"ನಿಮಗೆ... ನನ್ನ ಮೇಲೆ ಹೊಟ್ಟೆಕಿಚ್ಚಾ?"

"ಮತ್ತೆ ಯಾರ ಮೇಲೆ?"

ವಿಜ್ದಾನ್‌ಗೆ ನಗು ಬಂತು. ಅದರ ಹಿಂದೆಯೇ ಅಳು. "ನಾನು ನಿಮ್ಮ ಎಡಗಾಲನ್ನ ನೋಡಿ ನೋಡಿ ಸತ್ತಿದೀನಿ, ಲಮೀಸ್."

ಲಮೀಸ್ ತನ್ನ ಬಿಳಿ ಬೂಟನ್ನು ನೋಡಿಕೊಂಡಳು.

"ಅವನು ಆ ಮಾತು ಆಡಿದ್ದಕ್ಕೆ ಸಾಯ್ತಿದಾನೆ," ಎಂದಳು. "ಒಂಬತ್ತು ದಿನದಿಂದ ಕಾಗದದ ಮೇಲೆ ಗೀಚ್ತಾ ಕೂತಿದ್ದ. ಕೈಯಿಂದ ಒತ್ತೋ ಕ್ಲಚ್ ಮಾಡ್ತಾನಂತೆ ನಿಮಗೆ."

ವಿಜ್ದಾನ್‌ಳ ಮುಖ ಬಿಗಿಯಿತು. "ನಾನು ಕೇಳಿದ್ನಾ? ನನ್ನ ಗಾಡಿಗೆ ಏನಾಗಿದೆ?"

"ನಾನೂ ಅದನ್ನೇ ಕೇಳ್ದೆ. ಹರಿದು ಹಾಕಿಸ್ದೆ." ಲಮೀಸ್ ಹೊರಟಳು. ಮೆಟ್ಟಿಲ ಬಳಿ ತಿರುಗಿ ನಿಂತು, "ಇವತ್ತು ಫೋನ್ ಮಾಡ್ತಾನೆ. ಎತ್ಕೊಳ್ಳಿ," ಎಂದಳು.

*

ಏಳೂ ಇಪ್ಪತ್ತಕ್ಕೆ ದೀಪ ಉರಿಯಿತು. ಗಾಜಿನಾಚೆ ಅಬೂ ಮಜ್ದ್ ಅವಳ ಕಣ್ಣು ನೋಡಿದ. ಅವಳು ತಲೆಯಾಡಿಸಿದಳು.

"ಶುಭೋದಯ, ಸಿತ್ ವಿಜ್ದಾನ್." ದನಿ ಒಡೆದಿತ್ತು. "ನಾಲ್ಕು ತಿಂಗಳ ಹಿಂದೆ ಇಲ್ಲಿ ಒಂದು ಮಾತು ಆಡಿದ್ದೆ. ಯಾವ ಮಾತು ಅಂತ ಮತ್ತೆ ಹೇಳಲ್ಲ, ಹೇಳಿದ್ರೆ ಎರಡನೇ ಸಲ ಹೊಡೆದ ಹಾಗೆ. ಅದನ್ನ ವಾಪಸ್ ತಗೋತೀನಿ. ಗಾಡಿ ಬಗ್ಗೆ ಎಲ್ಲಾ ಗೊತ್ತು ಅಂದ್ಕೊಂಡಿದ್ದೆ. ಗಾಡಿ ಓಡಿಸೋರ ಬಗ್ಗೆ ಏನೂ ಗೊತ್ತಿರ್ಲಿಲ್ಲ. ಒಬ್ಬರು ತಮ್ಮ ಗಾಡೀಲಿ ಖುಷಿಯಾಗಿದ್ರೆ, ಅದು ಖುಷಿನೇ ಅಲ್ಲ ಅನ್ನೋಕೆ ನಾನ್ಯಾರು? ಅಷ್ಟೇ. ಇಡ್ತೀನಿ."

"ಇಡ್ಬೇಡಿ!"

ಅವಳು ಮೈಕಿನ ಹತ್ತಿರ ಬಂದಳು. ಅವನು ಗುಟ್ಟು ಬಿಟ್ಟಿರಲಿಲ್ಲ. ಗುಟ್ಟು ಅವಳದು, ಬಿಡುವುದಿದ್ದರೆ ಅವಳೇ ಬಿಡಬೇಕು.

"ಕೇಳುಗರೇ... ನನ್ನ ಎಡ ಪಾದ ಏಳಲ್ಲ. ಎಂಟನೇ ವಯಸ್ಸಿಂದ. ಮೂರು ಪೆಡಲಿನ ಗಾಡಿ ನಾನು ಓಡಿಸಲಾರೆ. ಈ ಮುಅಲ್ಲಿಂ ಗೇರ್ ಬಗ್ಗೆ ಹೇಳಿದ್ದೆಲ್ಲ ನಿಜ ಅಂತ ನನಗೆ ಗೊತ್ತು. ರುಮ್ಮಾನ್ ಗುಡ್ಡದಲ್ಲಿ ಕಿವಿಯಾರೆ ಕೇಳಿದೀನಿ. ಅದಕ್ಕೇ ಇಷ್ಟು ದಿನ ಜಗಳ ಆಡ್ದೆ. ಸಿಗದೇ ಇರೋದನ್ನ ಚೆನ್ನಾಗಿಲ್ಲ ಅನ್ನೋದು ಸುಲಭ. ಆದ್ರೆ ನನ್ನ ಎರಡು ಪೆಡಲಿನ ಗಾಡೀಲೂ ಮಜಾ ಇದೆ. ಅದೂ ನಿಜ."

ಸ್ಟುಡಿಯೋದ ಫೋನುಗಳೆಲ್ಲ ಒಟ್ಟಿಗೆ ಉರಿಯತೊಡಗಿದವು. ಅವಳು ಒಂದನ್ನೂ ನೋಡಲಿಲ್ಲ.

"ಮುಅಲ್ಲಿಂ, ಒಂದು ಆಟೋಮ್ಯಾಟಿಕ್ ಗಾಡೀಲಿ ಪಕ್ಕದಲ್ಲಿ ಕೂರೋ ಧೈರ್ಯ ಇದ್ಯಾ ನಿಮಗೆ?"

"...ಎಷ್ಟು ಗಂಟೆಗೆ?"

*

ಎರಡು ದಿನ ಕಳೆದು ವಾದಿ ಸೀರ್ ಇಳಿಜಾರಿನಲ್ಲಿ ಅವಳು ಅವನನ್ನು ಕೂರಿಸಿಕೊಂಡು ಓಡಿಸಿದಳು. ತಿರುವಿಗೆ ಮುಂಚೆ ಒಂದೇ ಒಂದು ಬ್ರೇಕ್, ತಿರುವಿನೊಳಗೆ ಮೃದು ಕೈ, ಹೊರಗೆ ಬರುವಾಗ ಪೂರ್ತಿ ವೇಗ. ನಾಲ್ಕನೆಯ ತಿರುವಿನಲ್ಲಿ ಅವನು ಬಾಗಿಲಿನ ಹಿಡಿಯನ್ನು ಬಿಗಿಹಿಡಿದ. ಐದನೆಯದರಲ್ಲಿ ಜೋರಾಗಿ ನಕ್ಕುಬಿಟ್ಟ.

"ಇಷ್ಟು ಚೆನ್ನಾಗಿ ಓಡಿಸ್ತೀರಿ ಅಂತ ಯಾಕೆ ಹೇಳ್ಲಿಲ್ಲ?"

"ನೀವು ಕೇಳಿದ್ರೆ ತಾನೇ ಹೇಳೋದು!"

ಕೆಳಗೆ ಹಳ್ಳದ ಬಳಿ ಹಜ್ಜಾ ನಿಂತಿದ್ದಳು. ಬೆಳಿಗ್ಗೆಯೇ ತಂದು ನಿಲ್ಲಿಸಿದ್ದನಂತೆ. "ಈಗ ನೀವು ನನ್ನ ಪಕ್ಕ ಕೂತ್ಕೊಳ್ಳಿ," ಎಂದ. "ಏನೂ ಮಾಡಿಲ್ಲ ಈ ಗಾಡಿಗೆ, ಆಣೆ. ಒಂದು ಮೊಳೆ ಕೂಡ ಬದಲಾಯಿಸಿಲ್ಲ."

ಅವಳು ಅಷ್ಟು ದೂರ ನಡೆದಳು, ಪಾದ ಎಳೆಯುತ್ತ, ಅವನ ಕಣ್ಣೆದುರೇ. ಅವನು ಕೈ ಕೊಡಲಿಲ್ಲ, ಅವಸರ ಮಾಡಲಿಲ್ಲ. ಅವಳ ನಡಿಗೆಗೆ ತಕ್ಕ ಹಾಗೆ ಪಕ್ಕದಲ್ಲೇ ನಡೆದುಬಂದ.

"ಗೇರ್ ಹಿಡ್ಕೊಳ್ಳಿ," ಎಂದ ಗಾಡಿ ಚಾಲೂ ಮಾಡಿ.

"ನಾನಾ?"

"ಕ್ಲಚ್ ನಾನು ಒತ್ತೀನಿ. ಗೇರ್ ನಿಮ್ದು. ಇದಕ್ಕೆ ಬೇಕಾಗಿರೋದು ಕಿವಿ, ಕೈ. ಅಮ್ಮಾನಿನಲ್ಲಿ ನಿಮಗಿಂತ ಒಳ್ಳೆ ಕಿವಿ ಯಾರಿಗಿದೆ?"

ಸ್ಟೀರಿಂಗ್ ಎಡಕ್ಕಿರುವ ಊರು; ಬಲಗಡೆ ಕೂತಿದ್ದ ಅವಳ ಎಡಗೈ ಗೇರಿನ ಮೇಲೆ ಕೂತಿತು. ಕೈಯೊಳಗೆ ಆ ಮುದುಕಿಯ ನಡುಕ ಹತ್ತಿ ಬಂತು, ಬೆಕ್ಕು ಗುರುಗುಟ್ಟಿದ ಹಾಗೆ. ಒಂದು... "ಹೂಂ" ಎಂದ ಅವನು. ಎರಡು. "ಹೂಂ." ಮೂರು! ಎರಡು ಸಲ ಕರ್ರೆಂದಿತು. ಅವನು ಹಲ್ಲು ಕಿರಿದ. ಹತ್ತು ನಿಮಿಷದ ಮೇಲೆ ಅವನು "ಹೂಂ" ಎನ್ನುವುದನ್ನು ನಿಲ್ಲಿಸಿದ. ಅವಳ ಕೈ ಚಲಿಸುವ ಹೊತ್ತಿಗೆ ಅವನ ಕಾಲು ಅಲ್ಲಿರುತ್ತಿತ್ತು.

ಏರು ಶುರುವಾಯಿತು. ಎಂಜಿನ್ನಿನ ದನಿ ದಪ್ಪಗಾಯಿತು. ಅವನು ಏನೋ ಹೇಳುತ್ತಿದ್ದ, ದಾರಿ ನೋಡುತ್ತಿದ್ದ. ಅವಳಿಗೆ ಮಾತ್ರ ಕೇಳಿಸಿತು, ಮುದುಕಿಯ ಉಸಿರು ಕಟ್ಟುತ್ತಿರುವುದು.

"ಒತ್ತು!" ಎಂದಳು.

ಅವನು ಒತ್ತಿದ. ಅವಳು ಮೂರರಿಂದ ಎರಡಕ್ಕೆ ಎಳೆದಳು, ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ. ಹಜ್ಜಾ ಎದೆಯುಬ್ಬಿಸಿ ಏರನ್ನು ನುಂಗುತ್ತ ಮೇಲೆ ನುಗ್ಗಿದಳು!

ವಿಜ್ದಾನ್ ಕಿರುಚಿದಳು. ಸಂತೋಷಕ್ಕೆ ಹಾಗೆ ಕಿರುಚಿ ಎಷ್ಟು ವರ್ಷವಾಗಿತ್ತೋ.

ಗುಡ್ಡದ ತಲೆಯ ಮೇಲೆ ಅವನು ಗಾಡಿ ನಿಲ್ಲಿಸಿದ. ಇಬ್ಬರೂ ಏದುಸಿರು ಬಿಡುತ್ತಿದ್ದರು, ಓಡಿ ಬಂದವರಂತೆ.

"'ಒತ್ತು' ಅಂದ್ಯಲ್ಲ," ಎಂದ ಅವನು ಮೆಲ್ಲಗೆ. "'ಒತ್ತಿ' ಅನ್ಲಿಲ್ಲ."

ಅವಳ ಕೆನ್ನೆ ಕೆಂಪಾಯಿತು. "ಬಾಯಿ ತಪ್ಪಿ ಬಂತು."

"ತಪ್ಪೇ ಇರಲಿ. ವಿಜ್ದಾನ್... ನನಗೆ ನೀನು ಬೇಕು. ಬೆಳಿಗ್ಗೆ ಎರಡು ಗಂಟೆ ಸಾಲಲ್ಲ. ನಮ್ಮ ದೊಡ್ಡಪ್ಪ, ನಮ್ಮ ಕಡೆ ಹಿರಿಯರು... ನಿಮ್ಮನೆಗೆ ಕಾಫಿಗೆ ಬರ್ಬೇಕು ಅಂತಿದ್ದಾರೆ."

ಹಿರಿಯರು ಮನೆಗೆ ಬಂದು, ಹೆಣ್ಣಿನ ಕಡೆಯವರು 'ಆಗಲಿ' ಎನ್ನುವವರೆಗೆ ಕಾಫಿ ಮುಟ್ಟದೆ ಕೂರುವುದು ಯಾತಕ್ಕೆಂದು ಅಮ್ಮಾನಿನಲ್ಲಿ ಎಳೆ ಮಗುವಿಗೂ ಗೊತ್ತು.

ಅವಳು ಅವನ ಕಡೆ ತಿರುಗಿದಳು.

"ಯಾವಾಗ?" ಎಂದಳು.

"ಮುಂದಿನ ತಿಂಗಳು, ನಿಮ್ಮಮ್ಮಂಗೆ ಯಾವ ದಿನ ಅನುಕೂಲವೋ..."

"ಅಷ್ಟೊತ್ತಿಗೆ ಕಾಫಿ ಆರಿಹೋಗುತ್ತೆ."

"ಮತ್ತೆ?"

"ಗುರುವಾರ ಬಾ."

"ಗುರುವಾರನಾ? ಇವತ್ತು ಬುಧವಾರ, ವಿಜ್ದಾನ್!"

"ಗೊತ್ತು," ಎಂದಳು ಅವಳು.